ವೇಣಿ ಓದುತ್ತಿದ್ದ ಮೂರು ತಿಂಗಳು

ಆಗ ತೀರ್ಥಹಳ್ಳಿಯಲ್ಲಿ ಟೀವಿ ಇದ್ದ ಮನೆಗಳನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ಫೋನು ಬಂತೆಂದರೆ ಯಾರೋ ಸತ್ತರು ಎಂದೇ ಲೆಕ್ಕ. ಬಳೆ, ಸೀರೆ, ಸ್ಟೀಲಿನ ಪಾತ್ರೆಗಳೆಲ್ಲ ಶಿವಮೊಗ್ಗದಿಂದ ಬರುತ್ತಿದ್ದವು, ದೊಡ್ಡ ಕಾಯಿಲೆಗಳು ಮಣಿಪಾಲಕ್ಕೆ ಹೋಗುತ್ತಿದ್ದವು. ಅಂಥ ಕಾಲದಲ್ಲಿ, ಎಂಬತ್ತರ ದಶಕದ ನಡುವಿನ ಒಂದು ವರ್ಷ, ದಸರಾ ರಜೆ ಮುಗಿಸಿ ನಾವು ಹೈಸ್ಕೂಲಿಗೆ ಹೋದಾಗ ಲ್ಯಾಬಿನ ಪಕ್ಕದ ಕೋಣೆಗೆ ಹೊಸ ಬೀಗ ಬಿದ್ದಿತ್ತು. ಬಾಗಿಲ ಮೇಲೆ ಸುಣ್ಣದ ಬಿಳಿಯಲ್ಲಿ 'ಕಂಪ್ಯೂಟರ್ ಕೊಠಡಿ, ಚಪ್ಪಲಿ ಹೊರಗೆ ಬಿಡಿ' ಎಂದು ಬರೆದಿದ್ದರು.

ನಾನು ಆಗ ಒಂಬತ್ತನೇ ಕ್ಲಾಸು. ನಮ್ಮಪ್ಪಯ್ಯ ಊರಾಚೆಯ ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸಕ್ಕಿದ್ದರು. ಸಂಜೆ ಅವರು ಮನೆಗೆ ಬಂದರೆ ಬಾಗಿಲಲ್ಲೇ ಹಸಿ ಮರದ ಹೊಟ್ಟಿನ ವಾಸನೆ ಬರುತ್ತಿತ್ತು. ಹಲಸಿನ ಮರ ಕೊಯ್ದ ದಿನ ಒಂದು ಬಗೆ, ಹೊನ್ನೆ ಕೊಯ್ದ ದಿನ ಇನ್ನೊಂದು ಬಗೆ. ಅವರು ಅಂಗಿ ಬಿಚ್ಚುವ ಮೊದಲೇ ನನ್ನ ತಂಗಿ ವೇಣಿ ಓಡಿಹೋಗಿ ಹೊಟ್ಟೆಗೆ ಮೂಗು ಒತ್ತಿ "ಇವತ್ತು ಹೆಬ್ಬಲಸು" ಎನ್ನುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

ವೇಣಿಗೆ ಏಳು ವರ್ಷ. ಅಪ್ಪಯ್ಯ ಇಟ್ಟ ಪೂರ್ತಿ ಹೆಸರು ನಾಗವೇಣಿ. ಚೆನ್ನೆಮಣೆಗೆ ಕೂತರೆ ಅಮ್ಮನನ್ನೂ ಪಕ್ಕದ ಮನೆಯ ಅಜ್ಜಿಯನ್ನೂ ಸೋಲಿಸುತ್ತಿದ್ದಳು. ಯಾವ ಗುಳಿಯಲ್ಲಿ ಎಷ್ಟು ಕಾಯಿ ಎಂದು ನೋಡದೆ ಹೇಳುತ್ತಿದ್ದಳು. ಒಂದು ಸಲ ಕೇಳಿದ ಹಾಡು ಅವಳ ಬಾಯಲ್ಲಿ ನಿಂತುಬಿಡುತ್ತಿತ್ತು. ಬಸ್‌ಸ್ಟ್ಯಾಂಡಿನ ಕಂಡಕ್ಟರು ಕೂಗುವ "ಮೇಳಿಗೆ, ಆಗುಂಬೆ, ಸೋಮೇಶ್ವರ" ಎಂಬುದನ್ನು ಅದೇ ಗಂಟಲಿನಲ್ಲಿ ಕೂಗಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಆದರೆ ಓದು ಮಾತ್ರ ಬರುತ್ತಿರಲಿಲ್ಲ. ಎರಡನೇ ಕ್ಲಾಸಿನ ಅರ್ಧ ಮುಗಿದರೂ 'ಪ' ಯಾವುದು, 'ವ' ಯಾವುದು, 'ಮ' ಯಾವುದು ಎಂದು ಅವಳಿಗೆ ನಿಲುಕುತ್ತಿರಲಿಲ್ಲ. ಇವತ್ತು ಹೇಳಿಕೊಟ್ಟದ್ದು ನಾಳೆಗೆ ಇಲ್ಲ. ಸ್ಲೇಟಿನ ಮೇಲೆ ಬರೆದದ್ದನ್ನು ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿಬರುತ್ತಿತ್ತು.

"ಅವು ನಿಂತಲ್ಲಿ ನಿಲ್ಲಲ್ಲ ಅಕ್ಕಯ್ಯ," ಎಂದಿದ್ದಳು ಒಮ್ಮೆ.

"ಯಾವುದೇ?"

"ಅಕ್ಷರ."

ನಾನು ನಕ್ಕುಬಿಟ್ಟಿದ್ದೆ. ಅಮ್ಮನಿಗೂ ಹೇಳಿ ನಗಿಸಿದ್ದೆ. ಆಗ ನನಗೆ ಹದಿಮೂರು. ಅಂಥದ್ದೊಂದು ತೊಂದರೆ ಇರುತ್ತದೆ, ಅದಕ್ಕೊಂದು ಹೆಸರಿದೆ ಎಂದು ನಾನು ತಿಳಿದದ್ದು ಅದಾಗಿ ಹದಿನೈದು ವರ್ಷಕ್ಕೆ.

ಅವಳ ಶಾಲೆಯ ಅಕ್ಕೋರು ಕೆಟ್ಟವರಲ್ಲ. ಆದರೆ ಒಂದು ಕೋಣೆಯಲ್ಲಿ ಎರಡು ಕ್ಲಾಸು ಕೂರಿಸಿಕೊಂಡಿದ್ದರು. ಓದಲು ಬಾರದವರು ಅಂಗೈ ಚಾಚಬೇಕಿತ್ತು. ವೇಣಿಯ ಬಲಗೈ ದಿನಾ ಕೆಂಪಾಗಿರುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ "ಒಂಚೂರು ಮನಸಿಟ್ಟು ಓದಬಾರ್ದಾ?" ಎನ್ನುತ್ತಿದ್ದಳು. ಅಮ್ಮನಿಗೂ ಓದು ಬರುತ್ತಿರಲಿಲ್ಲ.

ಹೊಸ ಕೋಣೆಯ ಉಸ್ತುವಾರಿ ನಮ್ಮ ವಿಜ್ಞಾನದ ಶ್ರೀಧರ ಮೇಷ್ಟ್ರದ್ದು. ಕುಂದಾಪುರದ ಕಡೆಯವರು, ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಸರ್ಕಾರ ಅವರನ್ನು ಹತ್ತು ದಿನದ ತರಬೇತಿಗೆ ಕಳಿಸಿತ್ತು. ಕೋಣೆಯಲ್ಲಿ ಎರಡು ಯಂತ್ರಗಳು. ಟೈಪ್‌ರೈಟರಿನಂಥ ದಪ್ಪ ಹಲಗೆ, ಅದಕ್ಕೆ ಹೊಂದಿಸಿದ ಒಂದು ಟೀವಿ, ಪಕ್ಕದಲ್ಲಿ ಹಾಡು ಕೇಳುವಂಥದೇ ಒಂದು ಟೇಪ್‌ರೆಕಾರ್ಡರ್. ಕ್ಯಾಸೆಟ್ ಹಾಕಿದರೆ ಹಾಡು ಬರುತ್ತಿರಲಿಲ್ಲ. ಜೀರುಂಡೆಯ ಹಾಗೆ ಕಿರ್ರೆಂದು ಐದಾರು ನಿಮಿಷ ಕೂಗುತ್ತಿತ್ತು. ಆಮೇಲೆ ಪರದೆಯ ಮೇಲೆ ಆಟ ಮೂಡುತ್ತಿತ್ತು. ಯಂತ್ರದ ಜೊತೆಗೆ ಬಂದಿದ್ದ ಕ್ಯಾಸೆಟ್ಟುಗಳಲ್ಲಿ ಪುಟ್ಟ ಮಕ್ಕಳಿಗೆ ಓದು ಕಲಿಸುವ ಆಟಗಳೂ ಇದ್ದವು. ಎಲ್ಲವೂ ಇಂಗ್ಲಿಷಿನಲ್ಲಿ. ಒಂದು ಸೇಬು, ಕೆಳಗೆ ಅದರ ಹೆಸರು, ಒಂದು ಅಕ್ಷರದ ಜಾಗ ಖಾಲಿ. ಸರಿಯಾದ ಕೀಲಿ ಒತ್ತಿದರೆ ಒಂದು ರೈಲು ಮುಂದಕ್ಕೆ ಹೋಗುತ್ತಿತ್ತು.

ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದ ಎಂಟು ಜನರನ್ನು ಆ ಕೋಣೆಗೆ ಆರಿಸಿದ್ದರು. ಅವರಲ್ಲಿ ನಾನೊಬ್ಬಳೇ ಹುಡುಗಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೇಷ್ಟ್ರು ನಮಗೆ ಸಾಲಿಗೆ ಸಂಖ್ಯೆ ಕೊಟ್ಟು ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಉಳಿದವರೆಲ್ಲ ಊಟಕ್ಕೆ ಓಡಿದರೂ ನಾನು ಮಾತ್ರ ಕೂತಿರುತ್ತಿದ್ದೆ.

ವೇಣಿಯ ಶಾಲೆ ನಮ್ಮ ದಾರಿಯಲ್ಲೇ ಇತ್ತು. ಶನಿವಾರ ಅವಳನ್ನು ಕರೆದುಕೊಂಡು ಮನೆಗೆ ಹೋಗುವುದು ನನ್ನ ಕೆಲಸ. ಒಂದು ಶನಿವಾರ ನಾನು ಬರುವುದು ತಡವಾಯಿತೆಂದು ಅವಳೇ ನಡೆದುಕೊಂಡು ಹೈಸ್ಕೂಲಿಗೆ ಬಂದಳು. ಕೈಯಲ್ಲಿ ಉಪ್ಪು ಹಚ್ಚಿದ ನೆಲ್ಲಿಕಾಯಿ. ಬಾಗಿಲಲ್ಲಿ ನಿಂತು ಪರದೆಯ ಮೇಲಿನ ರೈಲನ್ನು ಬಾಯಿ ಕಳೆದು ನೋಡಿದಳು.

ಮೇಷ್ಟ್ರು ಅವಲಕ್ಕಿ ತಿನ್ನುತ್ತಾ ಕೂತಿದ್ದವರು "ಇವಳು ಯಾರೇ?" ಎಂದರು.

"ನನ್ನ ತಂಗಿ ಸಾರ್. ಇವಳಿಗೆ ಓದಕ್ಕೆ ಬರಲ್ಲ."

ಹಾಗೇ ಪರಿಚಯ ಮಾಡಿಕೊಟ್ಟೆ ನಾನು. ಹೆಸರನ್ನೂ ಹೇಳಲಿಲ್ಲ. ಮೇಷ್ಟ್ರು ತಟ್ಟೆ ಕೆಳಗಿಟ್ಟು ಅವಳನ್ನೇ ಕೇಳಿದರು.

"ಹೆಸರೆಂತ ಮಾರಾಯ್ತಿ?"

"ನಾಗವೇಣಿ."

"ಕೂತ್ಕೋ ನಾಗವೇಣಿ. ಆ ರೈಲು ಮುಂದೆ ಹೋಗ್ಬೇಕಾದ್ರೆ ನೀನೇ ದೂಡ್ಬೇಕು."

ಅವಳು ಕೂತಳು. ಆ ಇಂಗ್ಲಿಷ್ ಅಕ್ಷರಗಳ ತಲೆಬುಡ ಅವಳಿಗೆ ಗೊತ್ತಿರಲಿಲ್ಲ. ಆದರೂ ಒಂದೊಂದೇ ಕೀಲಿ ಒತ್ತಿ ನೋಡಿದಳು. ತಪ್ಪಿದರೆ ರೈಲು ಸುಮ್ಮನೆ ನಿಂತಿರುತ್ತಿತ್ತು. ಅರ್ಧ ಗಂಟೆಯಾದರೂ ಏಳಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಅದು ಬೈಯಲ್ಲ, ಅಲ್ದಾ ಅಕ್ಕಯ್ಯ?"

ಸೋಮವಾರ ಮೇಷ್ಟ್ರು ನನ್ನನ್ನು ಕರೆದು ಲೆಕ್ಕದ ಗೆರೆ ಪುಸ್ತಕ ಕೊಟ್ಟರು. ಚೌಕಳಿ ಚೌಕಳಿಯ ಹಾಳೆ. "ಇದಕ್ಕೆ ಕನ್ನಡ ಗೊತ್ತಿಲ್ಲ. ನಾವೇ ಕಲಿಸ್ಬೇಕು. ನಿನ್ನ ತಂಗಿಗೊಂದು ಆಟ ಮಾಡುವ," ಎಂದರು.

ಒಂದೊಂದು ಅಕ್ಷರವನ್ನೂ ಚೌಕಗಳಲ್ಲಿ ಬಿಡಿಸಬೇಕು. ಕಪ್ಪು ತುಂಬಿದ ಚೌಕ ಯಾವುದು, ಖಾಲಿ ಯಾವುದು ಎಂದು ಸಾಲು ಸಾಲಾಗಿ ಕೂಡಿಸಿ ಒಂದು ಸಂಖ್ಯೆ ಮಾಡಬೇಕು. ಇಂಗ್ಲಿಷಿನ ಅಕ್ಷರ ಒಂದು ಮನೆಯಲ್ಲಿ ಹಿಡಿಸಿದರೆ ನಮ್ಮ ದುಂಡು ಅಕ್ಷರಕ್ಕೆ ನಾಲ್ಕು ಮನೆ ಬೇಕು. ನವೆಂಬರ್ ಪೂರ್ತಿ ನಾನು ಚಾಪೆಯ ಮೇಲೆ ಬೋರಲು ಮಲಗಿ ಆ ಚೌಕ ತುಂಬಿದೆ. ವೇಣಿ ಪಕ್ಕದಲ್ಲಿ ಕೂತು ಬೇಯಿಸಿದ ಗೆಣಸಿನ ಸಿಪ್ಪೆ ಸುಲಿದು ನನ್ನ ಬಾಯಿಗೆ ಇಡುತ್ತಿದ್ದಳು. "ಇದು ಯಾವುದು? ಇದರ ಹೊಟ್ಟೆ ಯಾಕೆ ತೆರೆದಿದೆ?" ಎಂದು ಕೇಳುತ್ತಿದ್ದಳು. 'ಪ'ದ ಹೊಟ್ಟೆ, 'ವ'ದ ಹೊಟ್ಟೆ ಎಂದು ಬೆರಳಿಟ್ಟು ಚೌಕ ಎಣಿಸುತ್ತಿದ್ದಳು. ಅಕ್ಷರವನ್ನು ಅಷ್ಟು ಹೊತ್ತು ಹೆದರದೆ ನೋಡಿದ್ದು ಅವಳು ಅದೇ ಮೊದಲು ಎಂದು ಕಾಣುತ್ತದೆ.

ಯಂತ್ರದ ನೆನಪಿನಲ್ಲಿ ಹದಿನೆಂಟೇ ಅಕ್ಷರ ಹಿಡಿಸಿದವು. ಕೊಂಬು, ದೀರ್ಘ, ಒತ್ತು ಯಾವುದಕ್ಕೂ ಜಾಗವಿಲ್ಲ. ಹಾಗಾಗಿ ಬರಿಯ ಅಕ್ಷರಗಳ ಮಾತನ್ನೇ ಹುಡುಕಬೇಕಿತ್ತು. ದನ, ಮರ, ಕದ, ಪಟ, ಸರ, ಬಸವ, ಕಡಗ. ವೇಣಿ ಹುಡುಕಿದ್ದು 'ಗರಗಸ'. ಅಪ್ಪಯ್ಯನ ಗರಗಸ. "ಎಲ್ಲಕ್ಕಿಂತ ಉದ್ದದ್ದು ನಂದು," ಎಂದು ಬೀಗಿದಳು. ರೈಲು ನಮ್ಮೂರಿಗೆ ಗೊತ್ತಿರಲಿಲ್ಲವಾದ್ದರಿಂದ ಮೇಷ್ಟ್ರು ಒಂದು ದೋಣಿ ಮಾಡಿದರು. ಪರದೆಯ ನಡುವೆ ನೀಲಿ ಪಟ್ಟೆಯೇ ತುಂಗೆ. ಮೇಲೆ ಚಿತ್ರ ಬರುತ್ತದೆ, ಅದರ ಕೆಳಗೆ ಒಂದಕ್ಷರ ಬಿಟ್ಟ ಮಾತು. ಆ ಮಾತನ್ನು ಬಾಯಿಬಿಟ್ಟು ಓದಬೇಕು, ಆಮೇಲೆ ಬಿಟ್ಟ ಅಕ್ಷರದ ಕೀಲಿ ಒತ್ತಬೇಕು. ಸರಿಯಾದರೆ ದೋಣಿ ಒಂದು ಮಾರು ಮುಂದೆ ಹೋಗುತ್ತದೆ. ಐದು ಮಾತಿಗೆ ಆಚೆ ದಡ. ದಡ ಮುಟ್ಟಿದರೆ ಟಿಣ್ ಟಿಣ್ ಎಂದು ಮೂರು ಸಲ ಸದ್ದು. ಕೀಲಿಗಳ ಮೇಲೆ ನಾನು ಕನ್ನಡ ಅಕ್ಷರದ ಚೀಟಿಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದೆ. ಹೆಡ್‌ಮಾಸ್ಟರು ನೋಡಿ "ಸರ್ಕಾರದ ಯಂತ್ರಕ್ಕೆ ಅಂಟು ಬಳಿತೀರೇನ್ರೀ?" ಎಂದು ಮೇಷ್ಟ್ರ ಮೇಲೆ ಕೂಗಾಡಿದರು. ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಚೀಟಿ ಮಾತ್ರ ಕೀಳಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ ವೇಣಿ ದೋಣಿಯ ಮುಂದೆ ಕೂತಳು. ಅಂದು ದೋಣಿ ಎರಡು ಮಾರು ಹೋಯಿತು. ಮುಂದಿನ ವಾರ ಮೂರು. ತಪ್ಪಿದಾಗ ಅವಳು ಮೊದಲು ನನ್ನ ಮುಖ ನೋಡುತ್ತಿದ್ದಳು, ಅಭ್ಯಾಸಬಲದಿಂದ ಅಂಗೈ ತಾನೇ ಅರ್ಧ ಮುಂದೆ ಬರುತ್ತಿತ್ತು. ದೋಣಿ ನಿಂತಲ್ಲೇ ನಿಂತಿರುತ್ತಿತ್ತು. ಅವಳು ಇನ್ನೊಂದು ಸಲ ನೋಡುತ್ತಿದ್ದಳು, ಇನ್ನೊಂದು ಸಲ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. ಸಂಕ್ರಾಂತಿಯ ಹಿಂದಿನ ಶನಿವಾರ ದೋಣಿ ಆಚೆ ದಡ ಮುಟ್ಟಿತು. ಟಿಣ್ ಟಿಣ್ ಸದ್ದಿಗೆ ಅವಳು ಕುರ್ಚಿಯಿಂದ ಹಾರಿ ಬಿದ್ದು ಮೇಷ್ಟ್ರ ಕಾಲು ತಬ್ಬಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಬೇಳೆ ಕಟ್ಟಿ ಬಂದ ಪೇಪರಿನ ಚೂರು, ಬೆಂಕಿಪೆಟ್ಟಿಗೆ, ಬಸ್ಸಿನ ಬೋರ್ಡು, ಎಲ್ಲದರಲ್ಲೂ ತನ್ನ ಹದಿನೆಂಟು ಅಕ್ಷರ ಹುಡುಕುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪಯ್ಯ ಸಾಮಿಲ್ಲಿಗೆ ಹೊರಟಾಗ ಅವರ ಅಂಗಿ ಹಿಡಿದು ನಿಲ್ಲಿಸಿ ಒಲೆಯ ಆರಿದ ಮಸಿಕೆಂಡದಿಂದ ಹೊಸ್ತಿಲ ಪಕ್ಕದ ಗೋಡೆಯ ಮೇಲೆ 'ಗರಗಸ' ಎಂದು ಬರೆದಳು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಅಪ್ಪಯ್ಯ ತುಂಬಾ ಹೊತ್ತು ನೋಡಿದರು.

"ಹೌದನಾ! ನೀನೇ ಬರೆದಿದ್ದಾ ಇದು?"

"ಹೂಂ."

"ಹಂಗಾರೆ ನಮ್ಮ ವೇಣಿ ದಡ್ಡಿ ಅಲ್ಲ ಕಣೆ," ಎಂದು ಒಳಗೆ ಅಮ್ಮನಿಗೆ ಕೂಗಿ ಹೇಳಿದರು. ಅವರು ಅಷ್ಟು ದಿನ ಅವಳನ್ನು ದಡ್ಡಿ ಅಂದುಕೊಂಡಿದ್ದರು ಎಂಬುದು ವೇಣಿಗೂ ಆಗಲೇ ಗೊತ್ತಾದದ್ದು. ಆದರೂ ಅವಳು ನಗುತ್ತಿದ್ದಳು.

ಫೆಬ್ರವರಿಯಲ್ಲಿ ಶಿವಮೊಗ್ಗದಿಂದ ದೊಡ್ಡ ಸಾಹೇಬರು ಕಂಪ್ಯೂಟರ್ ನೋಡಲು ಬರುತ್ತಾರೆ ಎಂದಾಯಿತು. ಶಾಲೆಗೆಲ್ಲ ಸುಣ್ಣ ಬಳಿದರು. ಯಂತ್ರದಲ್ಲಿ ಏನು ತೋರಿಸುವುದು ಎಂದು ಹೆಡ್‌ಮಾಸ್ಟರು ಕೇಳಿದಾಗ ಶ್ರೀಧರ ಮೇಷ್ಟ್ರು ದೋಣಿಯಾಟ ತೋರಿಸೋಣ ಎಂದರು. "ಈ ಹುಡುಗಿಯ ತಂಗಿ ಎರಡನೇ ಕ್ಲಾಸು. ಇದ್ರಿಂದಲೇ ಓದು ಕಲಿತದ್ದು. ಅವಳೇ ಆಡ್ಲಿ ಸಾರ್."

ಮನೆಯಲ್ಲಿ ಸುದ್ದಿ ತಿಳಿದು ಅಮ್ಮ ವೇಣಿಗೆ ತನ್ನ ಹಳೆಯ ಸೀರೆಯ ಅಂಚು ಹಾಕಿ ಹೊಸ ಲಂಗ ಹೊಲಿಸಿದಳು. ಅಪ್ಪಯ್ಯ ಸಾಮಿಲ್ಲಿನಲ್ಲಿ ಎಲ್ಲರಿಗೂ ಹೇಳಿ ಬಂದರು. ಹಿಂದಿನ ದಿನ ಸಂಜೆ ಮೇಷ್ಟ್ರು ಕೋಣೆ ತೆರೆದುಕೊಟ್ಟರು. ನಾನು ವೇಣಿಯನ್ನು ಕೂರಿಸಿ ಮೇಲಿಂದ ಮೇಲೆ ಆಡಿಸಿದೆ. ಎಂಟು ಸಲವೋ ಹತ್ತು ಸಲವೋ. ಅವಳು ಬೆಳಿಗ್ಗೆಯಿಂದ ಸರಿಯಾಗಿ ಉಂಡಿರಲಿಲ್ಲ, ದಣಿದಿದ್ದಳು. ಕೊನೆಯ ಸಲ 'ಬಸವ'ದ ಬಿಟ್ಟ ಜಾಗಕ್ಕೆ 'ಪ' ಒತ್ತಿದಳು. ಮತ್ತೆ ಆಡಿಸಿದೆ. ಮತ್ತೆ 'ಪ'.

"ಬಸಪ ಅಂತೀಯಲ್ಲೇ! ನಾಳೆ ಸಾಹೇಬರ ಮುಂದೆ ಹಿಂಗೆ ಮಾಡಿದ್ರೆ?" ಎಂದು ರೇಗಿದೆ.

"ನಾಳೆ ಮಾಡಲ್ಲ ಅಕ್ಕಯ್ಯ," ಎಂದಳು.

ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಕೋಣೆಯ ಹೊರಗೆ ಜಗಲಿಯಲ್ಲಿ ನಿಂತಿದ್ದೆವು. ವೇಣಿಯ ಎರಡು ಜಡೆಗೂ ಅಬ್ಬಲಿಗೆ ದಂಡೆ. ತಣ್ಣಗಾದ ಅವಳ ಕೈ ನನ್ನ ಕೈಯಲ್ಲಿತ್ತು. ನನ್ನ ಕ್ಲಾಸಿನ ಹುಡುಗಿಯರೆಲ್ಲ ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು. ಅವರಲ್ಲಿ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ವೇಣಿಯ ಕಡೆ ನೋಡಿ ನಕ್ಕಳು. ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಗ್ಗೆ, ನನ್ನ ದಡ್ಡ ತಂಗಿಯ ಬಗ್ಗೆ ಹೇಳಿದಳು ಎಂದೇ ನಾನು ತಿಳಿದೆ.

ಹೆಡ್‌ಮಾಸ್ಟರು ಬಂದರು. ಅವರ ಹಿಂದೆ ಅವರ ಮಗಳು, ವೇಣಿಯದೇ ವಯಸ್ಸು, ಕಾನ್ವೆಂಟಿನ ಯೂನಿಫಾರ್ಮು, ಕಪ್ಪು ಬೂಟು. ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಸಾಹೇಬರ ಮುಂದೆ ಶಾಲೆ ಮರ್ಯಾದೆ. ನಿನ್ನ ತಂಗಿ ತಪ್ಪದೆ ಓದ್ತಾಳೆ ಅಂತ ಗ್ಯಾರಂಟಿ ಇದೆಯಾ? ಇಲ್ಲ ಅಂದ್ರೆ ಹೇಳಿಬಿಡು, ನಮ್ಮ ಮಗು ಕೂತ್ಕೊಳ್ತದೆ."

ಶ್ರೀಧರ ಮೇಷ್ಟ್ರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. 'ಹೌದು ಸಾರ್' ಎನ್ನಬೇಕಿತ್ತು. ಎರಡೇ ಮಾತು.

"ಗ್ಯಾರಂಟಿ ಇಲ್ಲ ಸಾರ್," ಎಂದೆ.

ಮೇಷ್ಟ್ರು "ಸಾರ್, ಆ ಮಗು..." ಎಂದು ಏನೋ ಹೇಳಹೋದರು. ಅಷ್ಟರಲ್ಲಿ ಜೀಪಿನ ಸದ್ದಾಯಿತು, ಎಲ್ಲರೂ ಗೇಟಿನ ಕಡೆ ಓಡಿದರು. ನಾನು ವೇಣಿಗೆ "ನೀನು ಇಲ್ಲೇ ನಿಂತಿರು, ಎಲ್ಲೂ ಹೋಗ್ಬೇಡ," ಎಂದೆ. ಅವಳು ತಲೆಯಾಡಿಸಿದಳು. ತನ್ನ ಸರದಿ ಆಮೇಲೆ ಬರುತ್ತದೆ ಎಂದುಕೊಂಡಿದ್ದಳೋ ಏನೋ.

ಕೋಣೆಯೊಳಗೆ ಹೆಡ್‌ಮಾಸ್ಟರ ಮಗಳು ಪಟಪಟನೆ ಐದೂ ಮಾತು ಓದಿ ದೋಣಿಯನ್ನು ದಡ ಮುಟ್ಟಿಸಿದಳು. ಅವಳಿಗೆ ಒಂದನೇ ಕ್ಲಾಸಿನಲ್ಲೇ ಓದು ಬರುತ್ತಿತ್ತು. ಸಾಹೇಬರು ಚಪ್ಪಾಳೆ ತಟ್ಟಿದರು. "ಈ ಆಟದಿಂದಲೇ ಕಲಿತದ್ದಾ ಪಾಪು?" ಎಂದು ಕೇಳಿದರು. ಹೆಡ್‌ಮಾಸ್ಟರು "ಹೌದು ಸಾರ್," ಎಂದರು. ಅಕ್ಷರ ಬಿಡಿಸಿದ ಹುಡುಗಿ ಎಂದು ನನ್ನನ್ನು ಮುಂದೆ ಕರೆದು ಸಾಹೇಬರ ಕೈಯಿಂದ ಒಂದು ಮಸಿ ಪೆನ್ನು ಕೊಡಿಸಿದರು. ಅದನ್ನು ತೆಗೆದುಕೊಳ್ಳುವಾಗ ಕಿಟಕಿಯ ಸರಳಿನಾಚೆ ಅಬ್ಬಲಿಗೆಯ ಬಣ್ಣ ಕಂಡಿತು. ನಾನು ಆ ಕಡೆ ನೋಡಲಿಲ್ಲ.

ಮನೆಯ ದಾರಿಯಲ್ಲಿ ವೇಣಿ ಲಂಗ ಮಣ್ಣಾಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದಳು. ಸೇತುವೆ ದಾಟುವಾಗ ನಿಂತಳು.

"ಅಕ್ಕಯ್ಯ, ಗ್ಯಾರಂಟಿ ಅಂದ್ರೆ ಎಂತ?"

"ಬೇಗ ನಡಿಯೇ, ಬಿಸಿಲು," ಎಂದು ಕೈ ಎಳೆದೆ.

ಸಂಜೆ ಅಪ್ಪಯ್ಯ ಬಾಗಿಲಲ್ಲೇ "ಸಾಹೇಬರು ಎಂತ ಅಂದ್ರು ಮಗಾ?" ಎಂದು ಕೇಳಿದರು. ವೇಣಿ ಎದ್ದು ಓಡಲಿಲ್ಲ, ಮೂಗು ಒತ್ತಲಿಲ್ಲ. "ಅಕ್ಕಯ್ಯಂಗೆ ಪೆನ್ನು ಬಂತು," ಎಂದಳು, ಅಷ್ಟೇ. ಅಪ್ಪಯ್ಯ ನನ್ನ ಮುಖ ನೋಡಿದರು. ಹೆಡ್‌ಮಾಸ್ಟರು ಅವರ ಮಗಳನ್ನು ಕೂರಿಸಿಕೊಂಡರು ಎಂದೆ. ಅದು ಸುಳ್ಳಲ್ಲ. ಅಪ್ಪಯ್ಯ "ದೊಡ್ಡೋರ ವಿಚಾರ, ಬಿಡು," ಎಂದು ಬಚ್ಚಲಿಗೆ ಹೋದರು. ಸಾಮಿಲ್ಲಿನಲ್ಲಿ ಮಾರನೆಯ ದಿನ ಅವರು ಏನು ಹೇಳಿದರೋ.

ಮುಂದಿನ ಶನಿವಾರ ವೇಣಿಗೆ ಹೊಟ್ಟೆನೋವು. ಅದರ ಮುಂದಿನ ಶನಿವಾರವೂ ಹೊಟ್ಟೆನೋವು. ಮೂರನೆಯ ವಾರ ಮೇಷ್ಟ್ರು ತಾವೇ ನಮ್ಮ ಮನೆಗೆ ಬಂದರು. ಅಮ್ಮ ಕಾಫಿ ಕೊಟ್ಟಳು. ವೇಣಿ ಹಿತ್ತಲ ಬಾಗಿಲ ಹಿಂದೆ ನಿಂತವಳು ಹೊರಗೆ ಬರಲೇ ಇಲ್ಲ. "ನಾಗವೇಣಿ, ದೋಣಿ ಕಾಯ್ತಾ ಉಂಟು ಮಾರಾಯ್ತಿ," ಎಂದು ಅವರು ಬಾಗಿಲ ಕಡೆ ನೋಡಿ ಹೇಳಿದರು. ಹೊರಡುವಾಗ ನನಗೆ ಮಾತ್ರ ಕೇಳುವಂತೆ "ಇನ್ನೂ ತಡ ಆಗಿಲ್ಲ. ನೀನು ಅವಳನ್ನ ಕರ್ಕೊಂಡು ಬಾ," ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಅತ್ತಾದರೂ ಬಿಡುತ್ತಿದ್ದೆ.

ಪರೀಕ್ಷೆಗೆ ಮುಂಚೆ ಒಂದು ದಿನ ಪುಸಲಾಯಿಸಿ, ಕೊಬ್ಬರಿ ಮಿಠಾಯಿ ಕೊಡಿಸಿ, ಅವಳನ್ನು ಎಳೆದುಕೊಂಡೇ ಹೋದೆ. ಮೇಷ್ಟ್ರು ಸಂತೋಷದಿಂದ ದೋಣಿಯಾಟ ತುಂಬಿಟ್ಟಿದ್ದ ಕ್ಯಾಸೆಟ್ ಹಾಕಿದರು. ಜೀರುಂಡೆಯ ಸದ್ದು ಬರಲಿಲ್ಲ. ಡೋಲು, ಹಾರ್ಮೋನಿಯಂ, ಹೆಣ್ಣುಮಕ್ಕಳ ಗುಂಪು ಹಾಡು. ಸ್ಕೂಲ್ ಡೇಯ ಕೋಲಾಟಕ್ಕೆಂದು ಯಾರೋ ಬೀರುವಿನಿಂದ ಕ್ಯಾಸೆಟ್ ತೆಗೆದು ಅದರ ಮೇಲೆಯೇ ಹಾಡು ತುಂಬಿಸಿದ್ದರು. ಮೇಷ್ಟ್ರು ತಿರುಗಿಸಿ ಹಾಕಿದರು, ಮುಂದೆ ಓಡಿಸಿದರು, ಹಿಂದೆ ಓಡಿಸಿದರು. ಎಲ್ಲ ಕಡೆಯೂ ಕೋಲಾಟ. ಅವರು ಕುರ್ಚಿಯ ಮೇಲೆ ಕುಸಿದು ಕೂತರು. ವೇಣಿ ನನ್ನ ಕೈ ಬಿಡಿಸಿಕೊಂಡು ಹೊರಗೆ ಹೋದಳು.

ಜೂನಿನಲ್ಲಿ ಮೇಷ್ಟ್ರಿಗೆ ಘಟ್ಟದ ಕೆಳಗೆ ವರ್ಗವಾಯಿತು. ಹೋಗುವ ದಿನ ಆಟದ ಸಾಲುಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. "ನಾಲ್ಕು ಶನಿವಾರ ಕೂತ್ರೆ ಪೂರಾ ಟೈಪ್ ಮಾಡ್ಬಹುದು. ಬೇರೆಯವರಿಗಲ್ಲ, ಅವಳಿಗಾಗಿ ಮಾಡು," ಎಂದರು. ಆಗುಂಬೆಯ ಬಸ್ಸು ತಿರುಗುವವರೆಗೂ ಕಿಟಕಿಯಿಂದ ಕೈ ಹೊರಗಿಟ್ಟಿದ್ದರು.

ನಾನು ಟೈಪ್ ಮಾಡಲಿಲ್ಲ. ಹತ್ತನೇ ಕ್ಲಾಸು, ಪಬ್ಲಿಕ್ ಪರೀಕ್ಷೆ, ಬೀಗದ ಕೈ ಹೆಡ್‌ಮಾಸ್ಟರ ಮೇಜಿನಲ್ಲಿ, ಕೇಳಲು ಹೆದರಿಕೆ. ಕಾರಣಗಳಿದ್ದವು. ಮುಂದಿನ ವಾರ, ಮುಂದಿನ ವಾರ ಎಂದು ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗೆ ಕೊನೆಗೂ ಕೋಣೆ ತೆರೆಸಿದಾಗ ಥಂಡಿ ಹಿಡಿದ ಯಂತ್ರಗಳು ಎರಡೂ ಹೊತ್ತಿಕೊಳ್ಳಲಿಲ್ಲ. ಕೀಲಿಗಳ ಮೇಲಿನ ಚೀಟಿಗಳನ್ನು ಜಿರಳೆ ತಿಂದಿದ್ದವು.

ವೇಣಿಯ ಹದಿನೆಂಟು ಅಕ್ಷರ ಒಂದೊಂದಾಗಿ ಹೋದವು. ಮೂರನೇ ಕ್ಲಾಸಿನಲ್ಲಿ ಎರಡು ವರ್ಷ, ನಾಲ್ಕರಲ್ಲಿ ಎರಡು ವರ್ಷ ಕೂತಳು. ಐದಕ್ಕೆ ಕಾಲಿಟ್ಟ ವರ್ಷ ಒಂದು ಬೆಳಿಗ್ಗೆ ಚೀಲವನ್ನು ಗೂಟಕ್ಕೆ ನೇತುಹಾಕಿ "ನಾ ಹೋಗಲ್ಲ," ಎಂದಳು. ಅಪ್ಪಯ್ಯ ಹೊಡೆಯಲಿಲ್ಲ, ಬೈಯಲಿಲ್ಲ. "ಆಗದಿದ್ರೆ ಬಿಡು ಮಗಾ, ಮನೇಲಿರು," ಎಂದರು. ನಾನು ಶಿವಮೊಗ್ಗದ ಹಾಸ್ಟೆಲ್ಲಿನಿಂದ ರಜೆಗೆ ಬಂದಾಗ ಸ್ಲೇಟು ಹಿಡಿದು ಅವಳ ಮುಂದೆ ಕೂತೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ "ಬ್ಯಾಡ ಅಕ್ಕಯ್ಯ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಪ್ರೈಮರಿ ಶಾಲೆಯ ಟೀಚರಾದೆ. ಮೊದಲ ಕೆಲಸ ಚನ್ನಗಿರಿಯ ಕಡೆಯ ಹಳ್ಳಿಯಲ್ಲಿ. ವೇಣಿಯನ್ನು ಹೊಸನಗರದ ಹತ್ತಿರ ಕೊಟ್ಟರು. ನಾನು ಅವಳಿಗೆ ಕಾಗದ ಬರೆಯುತ್ತಿದ್ದೆ, ಆದರೆ ಅದನ್ನು ಓದುವವರು ಬೇರೆ ಯಾರೋ ಎಂದು ಗೊತ್ತಿದ್ದುದರಿಂದ ಹವೆ, ಊಟ, ಆರೋಗ್ಯದಾಚೆಗೆ ಏನನ್ನೂ ಬರೆಯುತ್ತಿರಲಿಲ್ಲ. ಅವಳ ಚೊಚ್ಚಲು ಬಸಿರಿನ ಏಳನೇ ತಿಂಗಳ ಹೊತ್ತಿಗೆ ನನಗೊಂದು ಇನ್‌ಲ್ಯಾಂಡ್ ಪತ್ರ ಬಂತು. ಅಪ್ಪಯ್ಯ, ಅಮ್ಮ ಇಬ್ಬರೂ ಅವಳ ಮನೆಯಲ್ಲೇ ಇದ್ದರಂತೆ, ಬರೆದದ್ದು ಪಕ್ಕದ ಮನೆಯ ಹಿರಿಯರೊಬ್ಬರು. 'ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು. ತರುವಾಯ, ಚಿ. ಸೌ. ನಾಗವೇಣಿಗೆ ಹೆರಿಗೆಯಾಗಿ ಗಂಡು ಶಿಶು ತೀರಿಕೊಂಡಿರುತ್ತದೆ. ಬಾಣಂತಿ ಆರೋಗ್ಯದಿಂದಿರುತ್ತಾಳೆ. ಅಡಿಕೆ ಧಾರಣೆ ಈ ಸಲ ಪರವಾಗಿಲ್ಲ.' ಪತ್ರ ನನಗೆ ಮುಟ್ಟಿದ್ದು ಹನ್ನೆರಡನೆಯ ದಿನ. ಆ ಹನ್ನೆರಡು ದಿನ ನನ್ನ ತಂಗಿ ಯಾರಿಗೆ ಏನು ಹೇಳಿಕೊಂಡಳೋ. ನನಗೆ ಹೇಳಬೇಕೆಂದಿದ್ದರೂ ಒಬ್ಬ ಗಂಡಸಿನ ಮುಂದೆ ಕೂತು ಬರೆಸಬೇಕಿತ್ತು. ಆ ಪತ್ರ ಹಿಡಿದು ನಾನು ಕ್ಲಾಸಿನಲ್ಲೇ ಅತ್ತೆ. ಒಂದನೇ ಕ್ಲಾಸಿನ ಮಕ್ಕಳು ಸುಮ್ಮನೆ ನೋಡುತ್ತಾ ಕೂತಿದ್ದರು.

ಮೂವತ್ತು ವರ್ಷದ ಮೇಲಾಯಿತು ನಾನು ಮಕ್ಕಳಿಗೆ ಓದು ಕಲಿಸಲು ಶುರುಮಾಡಿ. ಅಕ್ಷರ ನಿಂತಲ್ಲಿ ನಿಲ್ಲದ ಮಕ್ಕಳು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಯಾರ ಮೇಲೂ ಕೈ ಎತ್ತಿಲ್ಲ. ಒಳ್ಳೆಯ ಟೀಚರು ಎಂದು ಹೆಸರಿದೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಮೈ ಹಿಡಿಯಾಗುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ವೇಣಿಯ ಮನೆಗೆ ಹೋಗಿದ್ದೆ. ಅವಳ ನಾಲ್ಕು ವರ್ಷದ ಮೊಮ್ಮಗಳು ಮೊಬೈಲ್ ಹಿಡಿದು ಕೂತಿತ್ತು. ಪರದೆಯ ಮೇಲೆ ಆನೆ ಕುಣಿದು ಬಂದು 'ಆ' ಎನ್ನುತ್ತದೆ. ಬಣ್ಣ, ಹಾಡು, ಹೇಳಿದ್ದನ್ನೇ ಹೇಳುವ ತಾಳ್ಮೆಯ ದನಿ, ಕೊಂಬು, ದೀರ್ಘ, ಒತ್ತು ಎಲ್ಲವೂ ಇದೆ. ಮಗು ಸರಿಯಾಗಿ ಒತ್ತಿದರೆ ಹೂಮಳೆ. ವೇಣಿ ಹಪ್ಪಳ ಒತ್ತುತ್ತಾ ಆಗೊಮ್ಮೆ ಈಗೊಮ್ಮೆ ಅದರ ಕಡೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ವೇಣಿ, ಅವತ್ತು ಸಾಹೇಬರು ಬಂದ ದಿನ. ನಾನು ನಿನ್ನನ್ನ ಒಳಗೆ ಕೂರ್ಸಬೇಕಿತ್ತು ಕಣೆ."

ಅವಳು ಯಾವ ದಿನ ಎಂದು ಕೇಳಲಿಲ್ಲ. ಕೈಯ ಹಿಟ್ಟು ಕೊಡವಿಕೊಂಡಳು.

"ನಂಗೆ ಬರ್ತಿತ್ತು ಅಕ್ಕಯ್ಯ. ಕಿಟಕೀಲಿ ಕಾಣ್ತಿತ್ತು. ಆ ಹುಡುಗಿ ಒತ್ತೋಕಿಂತ ಮುಂಚೆನೇ ನಾ ಹೇಳ್ತಿದ್ದೆ, ಐದೂ. ನೀ ಒಂದ್ಸಲ ತಿರುಗಿ ನೋಡ್ತೀಯೇನೋ ಅಂತ ಸ್ವಲ್ಪ ಜೋರಾಗೇ ಹೇಳಿದ್ದೆ."

ಅಷ್ಟು ಹೇಳಿ ಮತ್ತೆ ಹಪ್ಪಳದ ಉಂಡೆ ತೆಗೆದುಕೊಂಡಳು. ಮಗು ಏನೋ ಗೆದ್ದು ಕಿಲಕಿಲ ನಗುತ್ತಿತ್ತು.

ಈಗ ನಮ್ಮಿಬ್ಬರ ನಡುವೆ ದೂರವೇನಿಲ್ಲ. ಅವಳು ದಿನಾ ಮೊಬೈಲಿನಲ್ಲಿ ಮಾತಾಡಿ ಕಳಿಸುತ್ತಾಳೆ, ನಾನು ಮಾತಾಡಿಯೇ ಉತ್ತರ ಕಳಿಸುತ್ತೇನೆ. ಅಪ್ಪಯ್ಯ ಬರೆಸಿದ ಪತ್ರಗಳು ನನ್ನ ಪೆಟ್ಟಿಗೆಯಲ್ಲಿವೆ, ಹಳೆಯ ವಿದ್ಯಾರ್ಥಿಗಳು ಬರೆದವು ಕಟ್ಟುಗಟ್ಟಲೆ ಇವೆ. ನನ್ನ ತಂಗಿ ತನ್ನ ಕೈಯಾರೆ ನನಗೆ ಬರೆದ ಒಂದೇ ಒಂದು ಸಾಲು ಮಾತ್ರ ಎಲ್ಲೂ ಇಲ್ಲ.